ರೆಬುನ್ ದ್ವೀಪದ ಹೂಗಳಿಗೆ ಬೆಟ್ಟ ಯಾಕೆ ಬೇಡ?

ಜಪಾನಿನ ಉತ್ತರ ತುದಿಯ ವಕ್ಕನೈ ಬಂದರಿನಲ್ಲಿ ಫೆರಿ ಹತ್ತಿದರೆ ಎರಡು ಗಂಟೆಯೊಳಗೆ ರಿಶಿರಿ ದ್ವೀಪ. ಅಲ್ಲಿಂದ ಇನ್ನೊಂದು ಫೆರಿಯಲ್ಲಿ ಮುಕ್ಕಾಲು ಗಂಟೆ ಹೋದರೆ ರೆಬುನ್. ಎರಡೂ ಅಕ್ಕಪಕ್ಕದ ದ್ವೀಪಗಳೇ. ಆದರೆ ಎತ್ತರದ ಪರ್ವತಗಳಲ್ಲಿ ಅರಳುವಂಥ ಹೂಗಳನ್ನು ನೋಡೋಕೆ ರಿಶಿರಿಯಲ್ಲಿ ದಿನವಿಡೀ ಬೆಟ್ಟ ಹತ್ತಿ ಇಳಿಯಬೇಕು. ರೆಬುನ್‌ನಲ್ಲಿ ಸಮುದ್ರದ ಪಕ್ಕದಲ್ಲೇ ಸಿಗುತ್ತವೆ.

ರಿಶಿರಿ ಎಂದರೆ ನೀರಿನಿಂದ ನೇರವಾಗಿ 1721 ಮೀಟರ್ ಎದ್ದು ನಿಂತ ಒಂದು ಜ್ವಾಲಾಮುಖಿ. ಬುಡದಲ್ಲಿ ಸ್ಪ್ರೂಸ್, ಫರ್ ಮರಗಳ ಕಾಡು. ಮೇಲೆ ಹೋದಂತೆ ತಿರುಚಿಕೊಂಡ ಬರ್ಚ್, ಆಮೇಲೆ ನೆಲಕ್ಕೆ ಒರಗಿ ಹಬ್ಬುವ ಪೈನ್. ಅದನ್ನೂ ದಾಟಿದ ಮೇಲೆ ಹೂಗಳು. ತಿಳಿ ಹಳದಿ ಬಣ್ಣದ ರಿಶಿರಿ ಗಸಗಸೆ ಹೂ ಅಲ್ಲಿನದೇ. ರೆಬುನ್‌ನ ಅತಿ ಎತ್ತರದ ಜಾಗ 490 ಮೀಟರ್ ಅಷ್ಟೇ. ಆದರೂ ಅಲ್ಲಿ ಸುಮಾರು 300 ಬಗೆಯ ಪರ್ವತ ಸಸ್ಯಗಳಿವೆ.

ಯಾಕೆ ಅಂತ ಕೇಳಿದರೆ ಎಲ್ಲರೂ ಹೇಳೋದು ಒಂದೇ: ಉತ್ತರ ಅಲ್ವಾ, ಚಳಿ ಜಾಸ್ತಿ. ಈ ಅರ್ಧ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ರೆಬುನ್ ಇರೋದು 45 ಡಿಗ್ರಿ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ಇಟಲಿಯ ವೆನಿಸ್ ಇರುವ ಕಡೆ. ಆಗಸ್ಟ್‌ನಲ್ಲಿ ಅಲ್ಲಿನ ಸರಾಸರಿ ತಾಪಮಾನ 20 ಡಿಗ್ರಿ ಆಸುಪಾಸು. ಮರ ಬೆಳೆಯೋಕೆ ಬೆಳವಣಿಗೆಯ ಕಾಲದಲ್ಲಿ ಸರಾಸರಿ ಆರೇಳು ಡಿಗ್ರಿ ಇದ್ದರೂ ನಡೆಯುತ್ತದೆ. ಪಕ್ಕದ ರಿಶಿರಿಯ ಬುಡದಲ್ಲಿ ಅಷ್ಟು ದೊಡ್ಡ ಕಾಡಿದೆಯಲ್ಲ!

ಈ ಹೂಗಿಡಗಳಿಗೆ ಚಳಿಯ ಮೇಲೆ ಪ್ರೀತಿಯೇನೂ ಇಲ್ಲ. ಅವಕ್ಕೆ ಬೇಕಾದದ್ದು ಬೆಳಕು. ಕುಳ್ಳ ಗಿಡಗಳು, ಬೆಳೆಯೋದೂ ನಿಧಾನ. ಮೇಲೆ ಮರವೋ ಎತ್ತರದ ಬಿದಿರುಹುಲ್ಲೋ ನೆರಳು ಹಾಸಿದರೆ ಕಥೆ ಮುಗಿಯಿತು. ಹಾಗಾಗಿ ಇಲ್ಲಿ ಹೂ ಯಾಕಿದೆ ಅಂತ ಕೇಳೋದಕ್ಕಿಂತ ಮರ ಯಾಕಿಲ್ಲ ಅಂತ ಕೇಳಬೇಕು.

ಗಾಳಿ! ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಸಮುದ್ರ ದಾಟಿ ಬರುವ ಗಾಳಿಗೆ ಉದ್ದಕ್ಕೆ, ಸಪೂರಕ್ಕೆ, ತಗ್ಗಾಗಿರುವ ರೆಬುನ್ ಅಡ್ಡವೇ ಅಲ್ಲ. ಪಶ್ಚಿಮದ ಏಣಿನ ಮೇಲಿನ ಹಿಮವನ್ನೆಲ್ಲ ಅದು ಗುಡಿಸಿ ಹಾಕುತ್ತದೆ. ಹಿಮ ಹೋದರೆ ಮರಕ್ಕೆ ಒಳ್ಳೆಯದು ಅನ್ನಿಸಬಹುದು, ಆದರೆ ಆಗೋದು ಅದರ ಉಲ್ಟಾ. ದಪ್ಪ ಹಿಮದ ಕೆಳಗೆ ನೆಲ ಸೊನ್ನೆ ಡಿಗ್ರಿಯ ಹತ್ತಿರವೇ ಉಳಿಯುತ್ತದೆ. ಹಿಮ ಇಲ್ಲದ ಕಡೆ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಬೇರು ನೀರು ಎಳೆಯಲಾರದು. ಮೇಲೆ ನೋಡಿದರೆ, ತಂತಿಯ ಮೇಲಿನ ಒದ್ದೆ ಬಟ್ಟೆಯನ್ನು ಒಣಗಿಸುವ ಹಾಗೆ ಗಾಳಿ ಮೊಗ್ಗು, ಎಲೆಗಳಿಂದ ನೀರು ಹೀರುತ್ತಲೇ ಇರುತ್ತದೆ. ಸುತ್ತಲೂ ಹಿಮ ಇರುವಾಗಲೇ ಮರ ಬಾಯಾರಿ ಸಾಯುತ್ತದೆ. ನಾಲ್ಕು ಬೆರಳು ಎತ್ತರದ ಗಿಡಕ್ಕೆ ಈ ಕಷ್ಟ ಕಡಿಮೆ, ಯಾಕೆಂದರೆ ನೆಲಕ್ಕೆ ಉಜ್ಜಿಕೊಂಡು ಹೋಗುವ ಗಾಳಿ ತುಂಬಾ ನಿಧಾನ. ಅಲ್ಲಿನ ಎಡೆಲ್‌ವೈಸ್ ಎಂಬ ಕುಳ್ಳ ಹೂಗಿಡದ ಎಲೆಯನ್ನು ಬಗ್ಗಿ ಹತ್ತಿರದಿಂದ ನೋಡಿ. ಮೈತುಂಬ ಬಿಳಿ ರೋಮ. ಆ ರೋಮಗಳ ನಡುವೆ ಅಲುಗಾಡದ ಗಾಳಿಯ ತೆಳು ಪದರ ನಿಂತು, ಎಲೆಯ ನೀರು ಬೇಗ ಆರದಂತೆ ತಡೆಯುತ್ತದೆ.

ಇವು ಅಲ್ಲಿಗೆ ಬಂದದ್ದು ಹೇಗೆ? ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ವಕ್ಕನೈ ಇರುವ ದೊಡ್ಡ ದ್ವೀಪ ಹೊಕ್ಕೈಡೋ, ಅದರ ಉತ್ತರದ ಸಖಾಲಿನ್ ದ್ವೀಪದ ಮೂಲಕ ಏಷ್ಯಾ ಖಂಡಕ್ಕೆ ಸೇರಿಕೊಂಡಿತ್ತು. ಉತ್ತರದ ಗಿಡಗಳು ತಲೆಮಾರು ತಲೆಮಾರಾಗಿ ಬೀಜ ಚೆಲ್ಲುತ್ತಾ ದಕ್ಷಿಣಕ್ಕೆ ಬಂದವು. ಭೂಮಿ ಬೆಚ್ಚಗಾದಾಗ ಬೇರೆ ಕಡೆ ಅವು ಬೆಟ್ಟ ಹತ್ತಿದವು. ರೆಬುನ್‌ನಲ್ಲಿ ಹತ್ತೋಕೆ ಬೆಟ್ಟ ಇರಲಿಲ್ಲ, ಗಾಳಿಯೇ ಅವಕ್ಕೆ ಜಾಗ ಉಳಿಸಿಕೊಟ್ಟಿತು. ಆಮೇಲಿನ ಕಾಲದ ಕಾಡ್ಗಿಚ್ಚುಗಳಲ್ಲೂ ದ್ವೀಪದ ಸಾಕಷ್ಟು ಮರ ಹೋಗಿವೆ.

ಹೀಗೆ ಒಂಟಿಯಾಗಿ ಉಳಿದವುಗಳಲ್ಲಿ ನನಗೆ ಅತಿ ಇಷ್ಟವಾದದ್ದು ರೆಬುನ್ ಅತ್ಸುಮೊರಿಸೋ ಎಂಬ ಕೆನೆ ಬಣ್ಣದ ಆರ್ಕಿಡ್. ಹೂವಿನ ಒಂದು ಎಸಳು ಊದಿದ ಚೀಲ. ಮಕರಂದ ಸಿಕ್ಕೀತು ಅಂತ ರಾಣಿ ಬಂಬಲ್‌ಬೀ (ಮೈತುಂಬ ರೋಮವಿರುವ ದಪ್ಪ ದುಂಬಿಜೇನು) ಅದರೊಳಗೆ ಇಳಿಯುತ್ತದೆ. ಒಳಗೆ ಏನೂ ಇಲ್ಲ. ಚೀಲದ ಬಾಯಿ ಒಳಕ್ಕೆ ಮಡಚಿರುವುದರಿಂದ ಬಂದ ದಾರಿಯಲ್ಲಿ ವಾಪಸ್ ಹೋಗೋದು ಕಷ್ಟ. ಹಿಂಬದಿಯ ಕಿರಿದಾದ ಸಂದಿಯಲ್ಲಿ ನುಸುಳಿ ಹೊರಬರುವಾಗ ಬೆನ್ನಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಇಷ್ಟೆಲ್ಲ ಆಗಿ ಬೀಜ ಕಟ್ಟಿದರೂ ಅದು ಧೂಳಿನಷ್ಟು ಸಣ್ಣದು, ಒಳಗೆ ಕೂಡಿಟ್ಟ ಆಹಾರವಿಲ್ಲ. ಮಣ್ಣಿನ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳಕೆ. ಇಂಥ ಗಿಡವನ್ನು ಜನ ಬುಡಸಮೇತ ಕಿತ್ತು ಕದ್ದೊಯ್ದಿದ್ದಾರೆ. ಈಗ ದ್ವೀಪದ ಉತ್ತರದಲ್ಲಿ ಬೇಲಿ ಹಾಕಿ ಕಾಯುತ್ತಾರೆ.

ಅದನ್ನು ನೋಡಬೇಕಾದರೆ ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ಹೋಗಿ. ದಕ್ಷಿಣದ ಮೊಮೊಇವಾ ಏಣಿನ ಕಾಲುದಾರಿಯಲ್ಲಿ ಜುಲೈನಲ್ಲೂ ಬೇಕಾದಷ್ಟು ಹೂವಿರುತ್ತದೆ. ರಿಶಿರಿಯನ್ನೂ ಹತ್ತುವವರು ಊರುಗೋಲಿನ ಮೊನೆಗೆ ರಬ್ಬರ್ ಟೋಪಿ ಹಾಕಿಕೊಳ್ಳಬೇಕು, ಗಿಡಗಳ ಮೇಲೆ ಕೂರಬಾರದು, ತುಳಿಯಬಾರದು. ತುದಿಯ ಹತ್ತಿರ ಸಡಿಲ ಜ್ವಾಲಾಮುಖಿ ಮಣ್ಣು ಕುಸಿದು ದಾರಿ ಈಗಾಗಲೇ ಆಳಕ್ಕೆ ಕೊರೆದು ಹೋಗಿದೆ.