ಸರದಿ ಪುಸ್ತಕದಲ್ಲಿ ರೈತನ ಹೆಸರು

1901ರಲ್ಲಿ ಕೆನಡಾದ ಪ್ರೇರಿ ಬಯಲಿಗೆ ಭರ್ಜರಿ ಬೆಳೆ ಬಂತು. ಅಷ್ಟು ಗೋಧಿಯನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ. ರೈತರು ಕುದುರೆ ಗಾಡಿ ತುಂಬಿಕೊಂಡು ಸ್ಟೇಷನ್ನಿಗೆ ಬಂದರು. ಅಲ್ಲಿ ನೋಡಿದರೆ ತುಂಬಲು ರೈಲು ಡಬ್ಬಿಯೇ ಇಲ್ಲ.

ಅಬರ್ನೆಥಿ ಎಂಬ ಊರಿನ ಹತ್ತಿರದ ವಿಲಿಯಂ ರಿಚರ್ಡ್ ಮದರ್‌ವೆಲ್ ಕೂಡ ಹಾಗೆ ಬರುತ್ತಿದ್ದ ರೈತರಲ್ಲಿ ಒಬ್ಬರು. ಅವರ ಹೊಲದಿಂದ ಇಂಡಿಯನ್ ಹೆಡ್ ಸ್ಟೇಷನ್ನಿಗೆ ಸುಮಾರು 25 ಮೈಲಿ. ಕಣಿವೆ ಇಳಿದು, ಹತ್ತಿ, ಚಳಿಯಲ್ಲಿ ಗಾಡಿ ಹೊಡೆದುಕೊಂಡು ಬರಬೇಕು. ಅಷ್ಟು ದೂರ ತಂದ ಗೋಧಿಯನ್ನು ಯಾರಾದರೂ ವಾಪಸ್ ಒಯ್ಯುತ್ತಾರಾ? ಆಗಲ್ಲ. ಈ ಮಾತು ಸ್ಟೇಷನ್ ಪಕ್ಕದ ಎಲಿವೇಟರ್ ಕಂಪನಿಗಳಿಗೂ ಚೆನ್ನಾಗಿ ಗೊತ್ತಿತ್ತು.

ಎಲಿವೇಟರ್ ಅಂದರೆ ಜನ ಹತ್ತುವ ಲಿಫ್ಟ್ ಅಲ್ಲ. ಹಳಿಯ ಪಕ್ಕದಲ್ಲಿ ನಿಂತ ಎತ್ತರದ ಮರದ ಕಣಜ. ರೈತ ಗಾಡಿಯಿಂದ ಸುರಿದ ಕಾಳನ್ನು ಪಟ್ಟಿಗೆ ಕಟ್ಟಿದ ಬಟ್ಟಲುಗಳು ಮೇಲಕ್ಕೆ ಎತ್ತುತ್ತವೆ. ಆಮೇಲೆ ಕೊಳವೆಯಲ್ಲಿ ಅದು ಡಬ್ಬಿಗೆ ಇಳಿಯುತ್ತದೆ. ಏರ್ಪಾಟು ಒಳ್ಳೆಯದೇ. ತೊಂದರೆ ಇದ್ದದ್ದು ಅದರ ಯಜಮಾನಿಕೆಯಲ್ಲಿ. ಕೆನಡಿಯನ್ ಪೆಸಿಫಿಕ್ ರೈಲ್ವೆ ಈ ಕಂಪನಿಗಳಿಗೆ ಒಂದು ಮಾತು ಕೊಟ್ಟಿತ್ತು. 25,000 ಬುಷೆಲ್ ಹಿಡಿಯುವ ಎಲಿವೇಟರ್ ಕಟ್ಟಿದರೆ ಆ ಸ್ಟೇಷನ್ನಿನಲ್ಲಿ ಬೇರೆ ಯಾರಿಂದಲೂ ಕಾಳು ತುಂಬಿಸಿಕೊಳ್ಳುವುದಿಲ್ಲ ಅಂತ. ಒಂದು ಬುಷೆಲ್ ಗೋಧಿ ಸುಮಾರು 27 ಕೆಜಿ. ಅಂದರೆ ಹತ್ತಿರ ಹತ್ತಿರ 680 ಟನ್ನಿನ ಕಣಜ ಕಟ್ಟಿದವನಿಗೆ ಇಡೀ ಊರಿನ ಬೆಳೆ ಸಿಕ್ಕಂತೆ.

ಆಮೇಲೆ ಏನಾಗುತ್ತದೆ ಅಂತ ಮಾರುಕಟ್ಟೆ ಕಂಡವರಿಗೆ ಹೇಳಬೇಕಾಗಿಲ್ಲ. ಒಳ್ಳೆಯ ಗೋಧಿಗೂ ಕೆಳಗಿನ ದರ್ಜೆ. ಕಸ ಕಡ್ಡಿ ಇದೆ ಅಂತ ಜಾಸ್ತಿ ತೂಕ ಮುರಿದುಕೊಳ್ಳುವುದು. ತಕ್ಕಡಿಯ ಮೇಲೂ ನಂಬಿಕೆ ಇಲ್ಲ. ಜೊತೆಗೆ ಹಿಮದ ಭಯ. ಗೋಧಿ ಸುಪೀರಿಯರ್ ಸರೋವರದ ಬಂದರು ಸೇರಿ ಹಡಗು ಹತ್ತಬೇಕು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಹಡಗು ಬಂದ್. ಅಷ್ಟರೊಳಗೆ ಡಬ್ಬಿ ಸಿಗದವನು ಕೊಟ್ಟಷ್ಟು ತೆಗೆದುಕೊಂಡು ಮನೆಗೆ ಹೋಗಬೇಕು.

1900ರಲ್ಲೇ ಕೆನಡಾ ಸರ್ಕಾರದ ಮ್ಯಾನಿಟೋಬ ಧಾನ್ಯ ಕಾಯ್ದೆ ಬಂದಿತ್ತು. ರೈತ ತಾನೇ ಡಬ್ಬಿ ತುಂಬಬಹುದು, ಅದಕ್ಕೆ ರೈಲ್ವೆಯವರು ಕಟ್ಟೆ ಕಟ್ಟಿಕೊಡಬೇಕು ಅಂತ ಅದರಲ್ಲಿ ಬರೆದಿತ್ತು. ಆದರೆ ಡಬ್ಬಿಗಳು ಬಂದಾಗ ಎಲಿವೇಟರ್ ಮುಂದೆಯೇ ಹೋಗಿ ನಿಲ್ಲುತ್ತಿದ್ದವು.

ಇಂಥ ಹೊತ್ತಲ್ಲಿ ಮದರ್‌ವೆಲ್ ಮತ್ತು ಅವರ ನೆರೆಯ ಪೀಟರ್ ಡೇಮನ್ ಕೂತು ಸುತ್ತಲಿನ ರೈತರಿಗೆ ಪತ್ರ ಬರೆದರು. ಡಿಸೆಂಬರ್ 18ಕ್ಕೆ ಇಂಡಿಯನ್ ಹೆಡ್‌ಗೆ ಬನ್ನಿ ಅಂತ. ಆ ದಿನ ಆರಿಸಿದ್ದು ಸುಮ್ನೆ ಅಲ್ಲ. ಅವತ್ತು ಅದೇ ಊರಲ್ಲಿ ಇಬ್ಬರು ದೊಡ್ಡ ರಾಜಕಾರಣಿಗಳ ವಾದ ಇತ್ತು. ಕೇಳಲು ಜನ ಹೇಗೂ ಸೇರುತ್ತಾರೆ. ಸೇರಿದವರನ್ನೇ ಸಭೆಗೆ ಕರೆದರೆ ಆಯಿತು. ಹಾಗೆ ಹುಟ್ಟಿದ್ದು ಟೆರಿಟೋರಿಯಲ್ ಗ್ರೇನ್ ಗ್ರೋವರ್ಸ್ ಅಸೋಸಿಯೇಷನ್, ಅಂದರೆ ಆ ಸೀಮೆಯ ಧಾನ್ಯ ಬೆಳೆಗಾರರ ಸಂಘ. ಮದರ್‌ವೆಲ್ ಅದರ ಮೊದಲ ಅಧ್ಯಕ್ಷರಾದರು. ಆಗ ಅವರಿಗೆ 41 ವರ್ಷ.

ಮುಂದಿನ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚಂದದ ವಸ್ತು ಇಲ್ಲೇ ಬರುತ್ತದೆ: ಸ್ಟೇಷನ್ನಿನಲ್ಲಿ ಇಟ್ಟ ಒಂದು ಪುಸ್ತಕ. ಡಬ್ಬಿ ಬೇಕಾದವರು ಅದರಲ್ಲಿ ಹೆಸರು ಬರೆಸಬೇಕು. ಮೊದಲು ಬರೆಸಿದವರಿಗೆ ಮೊದಲ ಡಬ್ಬಿ. ಕಂಪನಿಯಾದರೂ ಸರಿ, ಒಂಟಿ ರೈತನಾದರೂ ಸರಿ, ಸರದಿ ಒಂದೇ.

ಅದೂ ಕಾಗದದ ಮೇಲೆ ಉಳಿಯುವುದರಲ್ಲಿತ್ತು. ಇಂಡಿಯನ್ ಹೆಡ್ ಪಕ್ಕದ ಸಿಂಟಲೂಟದಲ್ಲಿ ಸ್ಟೇಷನ್ ಏಜೆಂಟ್ ಸರದಿ ಮೀರಿ ಡಬ್ಬಿ ಹಂಚಿದ. ಸಂಘ ಕೋರ್ಟಿಗೆ ಹೋಯಿತು. ಏಜೆಂಟ್ ತಪ್ಪಿತಸ್ಥ ಎಂದು ತೀರ್ಪಾಯಿತು, 50 ಡಾಲರ್ ದಂಡ ಬಿತ್ತು. ರೈಲ್ವೆಯವರು ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋದರು. ಅಲ್ಲೂ ರೈತರೇ ಗೆದ್ದರು. 50 ಡಾಲರ್ ರೈಲ್ವೆಗೆ ಲೆಕ್ಕಕ್ಕೇ ಇಲ್ಲ. ಆದರೆ ಪುಸ್ತಕದಲ್ಲಿ ಹೆಸರಿದ್ದ ರೈತನನ್ನು ಇನ್ನು ಮುಂದೆ ದಾಟಿ ಹೋಗಲು ಆಗುತ್ತಿರಲಿಲ್ಲ.

ಈ ಮದರ್‌ವೆಲ್ ಯಾರು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಹುಟ್ಟಿದ್ದು 1860ರಲ್ಲಿ, ಆಂಟಾರಿಯೋದ ಪರ್ತ್ ಹತ್ತಿರ. ಗ್ವೆಲ್ಫ್‌ನ ಕೃಷಿ ಕಾಲೇಜಿನಲ್ಲಿ ಓದಿ, 1882ರಲ್ಲಿ ಪಶ್ಚಿಮಕ್ಕೆ ಹೊರಟರು. 10 ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ. ಮನೆ ಕಟ್ಟಿ, ಉತ್ತು, ಮೂರು ವರ್ಷ ನಿಂತರೆ ಸ್ವಂತ. ಆ ನೆಲ ಖಾಲಿ ಬಿದ್ದಿದ್ದಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಅದು ಕ್ರೀ, ಸೋಲ್ಟೊ, ಅಸಿನಿಬೊಯಿನ್ ಜನರ ಬದುಕಿನ ನೆಲ. 1874ರ ನಾಲ್ಕನೇ ಒಪ್ಪಂದದ ನಂತರ ಅವರನ್ನು ಸಣ್ಣ ಸಣ್ಣ ಮೀಸಲು ಜಾಗಗಳಿಗೆ ಕೂಡಿಹಾಕಲಾಯಿತು. ಮದರ್‌ವೆಲ್ ಅವರ ಎರಡನೇ ಹೆಂಡತಿ ಕ್ಯಾಥರೀನ್ ಗಿಲೆಸ್ಪಿ ಮದುವೆಗೆ ಮುಂಚೆ ಫೈಲ್ ಹಿಲ್ಸ್‌ನಲ್ಲಿ ಆ ಜನರ ಮಕ್ಕಳ ವಸತಿ ಶಾಲೆ ನಡೆಸುತ್ತಿದ್ದರು. ಮಕ್ಕಳನ್ನು ಅವರ ಮನೆ, ಭಾಷೆಯಿಂದ ದೂರ ಮಾಡಿದ ಶಾಲೆಗಳ ಸಾಲಿಗೆ ಸೇರಿದ್ದು ಅದು. ರೈತರಿಗೆ ನ್ಯಾಯ ಕೇಳಿದ ಸಂಘದ ನ್ಯಾಯ ಆ ಜನರವರೆಗೆ ಹೋಗಲಿಲ್ಲ.

ಮೊದಲ ಹೆಂಡತಿ ಅಡಲೀನ್. ಮದುವೆ 1884ರಲ್ಲಿ. ನಾಲ್ಕು ಮಕ್ಕಳು ಹುಟ್ಟಿದರು, ಇಬ್ಬರು ಹಸುಗೂಸಾಗಿದ್ದಾಗಲೇ ತೀರಿಕೊಂಡರು. ಉಳಿದದ್ದು ಮಗ ಟಾಲ್ಮೇಜ್, ಮಗಳು ಆಲ್ಮಾ. ಮೊದಮೊದಲು ಮರದ ದಿಮ್ಮಿಯ ಮನೆ. ಹೊಲದಲ್ಲಿ, ಹಳ್ಳದಲ್ಲಿ ಸಿಕ್ಕ ಕಲ್ಲುಗಳನ್ನು ವರ್ಷಗಟ್ಟಲೆ ಆಯ್ದು ಒಟ್ಟಿದರು. 1896ರಲ್ಲಿ ಆ ಕಲ್ಲಲ್ಲಿ ಮೊದಲು ಕೊಟ್ಟಿಗೆ ಎದ್ದಿತು. ಮನೆ ಎದ್ದಿದ್ದು ಆಮೇಲೆ, 1897ರಲ್ಲಿ. ಯಾವ ರೈತನ ಮನೆಯಲ್ಲಾದರೂ ಇದೇ ಕ್ರಮ, ಅಲ್ವಾ?

ಮನೆಯ ಸುತ್ತ ಸಾಲಾಗಿ ಮರ ನೆಟ್ಟರು. ಬೋಳು ಬಯಲಲ್ಲಿ ಮರ ನೆಡುವುದು ನೆರಳಿಗೆ ಮಾತ್ರ ಅಲ್ಲ. ಗಾಳಿ ಹೊತ್ತು ತಂದ ಹಿಮ ಮರದ ಸಾಲಿಗೆ ಬಡಿದು ಅಲ್ಲೇ ಗುಡ್ಡೆಯಾಗುತ್ತದೆ. ಬೇಸಿಗೆಯ ಮೊದಲಲ್ಲಿ ಅದು ಕರಗಿ ತೋಡಿಟ್ಟ ಹೊಂಡಕ್ಕೆ ಇಳಿಯುತ್ತದೆ. ದನಕ್ಕೆ, ತೋಟಕ್ಕೆ ಅದೇ ನೀರು. ನಮ್ಮ ಕೃಷಿ ಹೊಂಡದ ಲೆಕ್ಕವೇ. ನಾವು ಮಳೆ ಹಿಡಿದರೆ ಅವರು ಹಿಮ ಹಿಡಿದರು.

ಭೂಮಿಯನ್ನು ಒಂದು ವರ್ಷ ಬಿತ್ತದೆ, ಉತ್ತು ಬಿಟ್ಟು ತೇವ ಉಳಿಸುವ ಪದ್ಧತಿಯನ್ನೂ ಮದರ್‌ವೆಲ್ ಊರೂರಿಗೆ ಹೇಳಿಕೊಂಡು ಬಂದರು. ಬರಗಾಲದಲ್ಲಿ ಅದು ಎಷ್ಟೋ ಮನೆಗಳನ್ನು ಕಾಯಿತು. ಆದರೆ ಹಾಗೆ ಬರಿದಾಗಿ ಬಿಟ್ಟ ಮಣ್ಣೇ 1930ರ ದಶಕದಲ್ಲಿ ಧೂಳಾಗಿ ಎದ್ದು ಹಾರಿತು.

1905ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯವಾಯಿತು. ಮದರ್‌ವೆಲ್ ಅದರ ಮೊದಲ ಕೃಷಿ ಮಂತ್ರಿ. ಅದೇ ವರ್ಷ ಅಡಲೀನ್ ತೀರಿಹೋದರು. ಮಂತ್ರಿಯಾಗಿ ಅವರ ಕಾಲದಲ್ಲಿ ನಡೆದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ರೈತರ ಬಳಿಗೇ ಹೋದ ರೈಲು. 1914ರಿಂದ ಶುರುವಾಯಿತು. ಒಂದು ಡಬ್ಬಿಯಲ್ಲಿ ದನ, ಇನ್ನೊಂದರಲ್ಲಿ ಬೀಜ, ಮತ್ತೊಂದರಲ್ಲಿ ಹೆಂಗಸರಿಗೆ ಪಾಠ. ಅವರು ಕೇಳಿಸಿಕೊಳ್ಳುವಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಬೇರೆ ಜಾಗ. 1911ರಲ್ಲಿ ರೈತರೇ ಪಾಲುದಾರರಾದ ಸಹಕಾರಿ ಎಲಿವೇಟರ್ ಕಂಪನಿಯೂ ಬಂತು.

ಶಾಲೆಗಳಲ್ಲಿ ಫ್ರೆಂಚ್ ಕಲಿಕೆಗೆ ಕಡಿವಾಣ ಹಾಕಲು ತಮ್ಮದೇ ಸರ್ಕಾರ ಹೊರಟಾಗ ಒಪ್ಪದೆ 1918ರಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ 1921ರಿಂದ, ನಡುವೆ ಸ್ವಲ್ಪ ಕಾಲ ಬಿಟ್ಟು, 1930ರವರೆಗೆ ಇಡೀ ಕೆನಡಾದ ಕೃಷಿ ಮಂತ್ರಿ. ಗೋಧಿಯ ತುಕ್ಕು ರೋಗ, ನಮ್ಮ ಧಾರವಾಡದ ಕಡೆ ಭಂಡಾರ ರೋಗ ಅಂತಾರಲ್ಲ ಅದು, 1916ರಲ್ಲಿ ಪ್ರೇರಿಯನ್ನು ಹಾಳುಗೆಡವಿತ್ತು. ಅದನ್ನು ಹಿಡಿಯಲೆಂದೇ 1925ರಲ್ಲಿ ವಿನ್ನಿಪೆಗ್‌ನಲ್ಲಿ ಸಂಶೋಧನಾ ಕೇಂದ್ರ ತೆರೆಸಿದರು. 80 ತುಂಬುವವರೆಗೂ ಸಂಸತ್ತಿನಲ್ಲಿದ್ದರು. ತೀರಿಕೊಂಡದ್ದು 1943ರ ಮೇನಲ್ಲಿ, 83ನೇ ವಯಸ್ಸಿನಲ್ಲಿ. ಆ ಕಲ್ಲಿನ ಮನೆ ಈಗ ದೇಶದ ಚಾರಿತ್ರಿಕ ತಾಣ.

ಸಂಘದ ದಾರಿ ಅವರ ಜೊತೆ ಮುಗಿಯಲಿಲ್ಲ. 1920ರ ದಶಕದಲ್ಲಿ ರೈತರು ವೀಟ್ ಪೂಲ್ ಕಟ್ಟಿ ಬೆಳೆಯನ್ನು ಒಟ್ಟಿಗೆ ಮಾರಿದರು. 1929ರ ನಂತರ ಬೆಲೆ ಕುಸಿದು ಆ ಒಟ್ಟು ಮಾರಾಟ ನೆಲಕಚ್ಚಿತು. 1935ರಲ್ಲಿ ಸರ್ಕಾರದ ವೀಟ್ ಬೋರ್ಡ್ ಬಂತು. ಮದರ್‌ವೆಲ್ ತೀರಿಕೊಂಡ ವರ್ಷವೇ ಪಶ್ಚಿಮ ಕೆನಡಾದ ಗೋಧಿಯನ್ನೆಲ್ಲ ಅದೇ ಕೊಳ್ಳುವ ಕಡ್ಡಾಯವಾಯಿತು. ಆ ಕಡ್ಡಾಯ ನಿಂತದ್ದು 2012ರ ಆಗಸ್ಟ್ 1ಕ್ಕೆ. ರೈತರಲ್ಲೇ ಒಂದು ಪಾಲು ಖುಷಿಪಟ್ಟಿತು, ಇನ್ನೊಂದು ಪಾಲು ಕಣ್ಣೀರು ಹಾಕಿತು.

ಈಗ ಆ ಸೀಮೆಯಲ್ಲಿ ಗೋಧಿ ಒಂದೇ ಅಲ್ಲ, ಮಸೂರ, ಬಟಾಣಿಯೂ ಬೆಳೆಯುತ್ತವೆ. ಭಾರತಕ್ಕೆ ಹಡಗಲ್ಲಿ ಬರುವ ಮಸೂರದಲ್ಲಿ ದೊಡ್ಡ ಪಾಲು ಅಲ್ಲಿಯದೇ.

2013ರಲ್ಲಿ ಪ್ರೇರಿಗೆ ಮತ್ತೆ ದಾಖಲೆಯ ಬೆಳೆ ಬಂತು. ಚಳಿಯೂ ಕಡುವಾಗಿತ್ತು. ಕಣಜಗಳು ತುಂಬಿ, ಕಾಳು ಹೊಲದಲ್ಲೇ ಗುಡ್ಡೆ ಬಿತ್ತು. ಡಬ್ಬಿ ಇಲ್ಲ. 2014ರ ಮಾರ್ಚ್‌ನಲ್ಲಿ ಸರ್ಕಾರ ಎರಡು ದೊಡ್ಡ ರೈಲ್ವೆ ಕಂಪನಿಗಳಿಗೆ ಆದೇಶ ಹೊರಡಿಸಿತು: ಪ್ರತಿ ವಾರ ತಲಾ 5 ಲಕ್ಷ ಟನ್ ಕಾಳು ಸಾಗಿಸಲೇಬೇಕು. ಅವುಗಳಲ್ಲಿ ಒಂದು ಕೆನಡಿಯನ್ ಪೆಸಿಫಿಕ್.