ಗರಡಿ ಒಡೆದಾಗ ಯಾರು ಯಾವ ಕಡೆ?

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಕೆಲವು ಟೇಬಲ್ ದಿನಾ ಅದೇ ಜನರದ್ದು. ಯಾರು ಯಾರ ಗುಂಪು ಎಂದು ಸಪ್ಲೈಯರ್‌ನನ್ನು ಕೇಳಿ, ಥಟ್ಟನೆ ಹೇಳುತ್ತಾನೆ. ಲಕ್ಷಗಟ್ಟಲೆ ಜನರ ಫೋನ್ ಕರೆ ಕೊಟ್ಟು ಕಂಪ್ಯೂಟರ್‌ಗೆ ಕೇಳಿದರೂ ಉತ್ತರ ಬರುತ್ತದೆ. ಆದರೆ ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದಾ? ತಕರಾರು ಇರುವುದೇ ಅಲ್ಲಿ.

ಕಥೆ ಶುರುವಾಗುವುದು ಅಮೆರಿಕದ ಒಂದು ಯೂನಿವರ್ಸಿಟಿಯ ಕರಾಟೆ ಕ್ಲಬ್‌ನಿಂದ. ನಮ್ಮೂರಿನ ಗರಡಿಮನೆ ಅಂದುಕೊಳ್ಳಿ. ಫೀಸು ಏರಿಸಬೇಕು ಎಂದು ಗುರು, ಕೂಡದು ಎಂದು ಅಧ್ಯಕ್ಷ. ಜಗಳ ಬಲಿತು ಕ್ಲಬ್ ಇಬ್ಭಾಗವಾಯಿತು. 34 ಸದಸ್ಯರಲ್ಲಿ ಯಾರಿಗೆ ಯಾರ ಒಡನಾಟ ಎಂದು ಮಾನವಶಾಸ್ತ್ರಜ್ಞ ವೇಯ್ನ್ ಝಕಾರಿ ಮೊದಲೇ ಬರೆದಿಟ್ಟುಕೊಂಡಿದ್ದರು. ನಂಟು ತೀರಾ ತೆಳುವಾದ ಜಾಗದಲ್ಲಿ ಕತ್ತರಿಸಿ ನೋಡಿದರು. 1977ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಒಬ್ಬನನ್ನು ಬಿಟ್ಟು ಎಲ್ಲರಿಗೂ ಸರಿಹೋಗಿತ್ತು. ಆ ಒಬ್ಬನ ಒಲವು ತುಸು ಅಧ್ಯಕ್ಷರ ಕಡೆಗೇ ಇತ್ತು. ಆದರೆ ಅವನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಬಾಕಿ, ಗುರುವನ್ನು ಬಿಟ್ಟರೆ ನಾಲ್ಕು ವರ್ಷದ ಶ್ರಮ ನೀರುಪಾಲು! ಇದನ್ನು ಯಾವ ಲೆಕ್ಕ ತಾನೇ ಹಿಡಿದೀತು?

2002ರಲ್ಲಿ ಗಿರ್ವನ್ ಮತ್ತು ನ್ಯೂಮನ್ ಎಂಬ ವಿಜ್ಞಾನಿಗಳು ಗುಂಪುಗಳ ನಡುವಿನ ಸೇತುವೆಗಳನ್ನು ಹುಡುಕಿದರು. ಹರಿಹರದ ತುಂಗಭದ್ರಾ ಸೇತುವೆ ಮುಚ್ಚಿದರೆ ಆಚೆಯವರು ಆಚೆ, ಈಚೆಯವರು ಈಚೆ, ಅಲ್ವಾ? ಹಾಗೆಯೇ ಹೆಚ್ಚು ದಾರಿಗಳು ಹಾಯುವ ನಂಟನ್ನು ಒಂದೊಂದಾಗಿ ಕಿತ್ತರೆ ಗುಂಪುಗಳು ಬಿಡಿಬಿಡಿಯಾಗುತ್ತವೆ. ಎರಡು ವರ್ಷದ ನಂತರ ಅವರೇ 'ಮಾಡ್ಯುಲಾರಿಟಿ' ಎಂಬ ಅಳತೆಗೋಲು ಕೊಟ್ಟರು. ಸುಮ್ನೆ ಚೀಟಿ ಎತ್ತಿ ಜನರನ್ನು ಜೋಡಿಸಿದ್ದರೆ ಇರುತ್ತಿದ್ದುದಕ್ಕಿಂತ ಗುಂಪಿನೊಳಗೆ ನಂಟು ಎಷ್ಟು ಜಾಸ್ತಿ ಎಂದು ಅದು ಹೇಳುತ್ತದೆ.

2008ರಲ್ಲಿ ಬೆಲ್ಜಿಯಂನಿಂದ ಬಂದ ಲೂವೇನ್ ವಿಧಾನ ಈ ಅಳತೆ ಹೆಚ್ಚುವಂತೆ ಗುಂಪು ಕಟ್ಟುವ ಕೆಲಸವನ್ನು ವೇಗವಾಗಿ ಮಾಡಿತು. ಅಲ್ಲಿನ 20 ಲಕ್ಷ ಮೊಬೈಲ್ ಗ್ರಾಹಕರ ಕರೆಗಳನ್ನು ಹಾಕಿದಾಗ ದೇಶ ಫ್ರೆಂಚ್, ಡಚ್ ಎಂದು ಭಾಷೆಯ ಗೆರೆಯಲ್ಲೇ ಸೀಳಿತು. ಭಾಷೆಯನ್ನು ಲೆಕ್ಕಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಯಾರಿಂದ ಎಣಿಸಲು ಶುರು ಮಾಡುತ್ತೀರಿ ಎಂಬುದರ ಮೇಲೆ ಲೂವೇನ್‌ನ ಉತ್ತರ ಬದಲಾಗುತ್ತದೆ. ದೊಡ್ಡ ಜಾಲದಲ್ಲಿ ಮಾಡ್ಯುಲಾರಿಟಿ ಸಣ್ಣ ಗುಂಪುಗಳನ್ನು ನುಂಗುತ್ತದೆ ಎಂಬುದು 2007ರಲ್ಲೇ ಗೊತ್ತಾಗಿತ್ತು. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನವರು ಇನ್ನೊಂದು ಹುಳುಕು ತೋರಿಸಿದರು. ಲೂವೇನ್ ಗುರುತಿಸಿದ ಕೆಲವು ಗುಂಪುಗಳ ಒಳಗೇ ಕೊಂಡಿ ಕಳಚಿತ್ತು! ಅವರ ವಿಧಾನ ಅದನ್ನು ಸರಿಪಡಿಸಿತು. ಹಲವು ಸಲ ಲೆಕ್ಕ ಓಡಿಸಿ, ಪ್ರತಿ ಸಲವೂ ಒಟ್ಟಿಗೇ ಬರುವವರನ್ನು ಮಾತ್ರ ನಂಬುವ ದಾರಿಯೂ ಇದೆ. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಇದು ಲೆಕ್ಕದ ಉತ್ತರ ಬದಲಾಗದೆ ಉಳಿಯುವ ಮಾತಾಯಿತು. ಕಾಲ ಕಳೆದಂತೆ ಗುಂಪೇ ಉಳಿಯುತ್ತದಾ? ಪಲ್ಲಾ, ಬರಾಬಾಸಿ ಮತ್ತು ವಿಚೆಕ್ ಎಂಬ ಸಂಶೋಧಕರು 2007ರಲ್ಲಿ ಕಂಡದ್ದು ವಿಚಿತ್ರ. ದೊಡ್ಡ ಗುಂಪು ಬಾಳುವುದು ಜನ ಬದಲಾಗುತ್ತಾ ಇದ್ದರೆ. ಸಣ್ಣದು ಬಾಳುವುದು ಅದೇ ಜನ ಉಳಿದರೆ. ನಮ್ಮ ದೋಸೆ ಟೇಬಲ್‌ನಲ್ಲಿ ನಾಲ್ವರಿದ್ದೆವು. ಒಬ್ಬನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಉಳಿದ ಮೂವರು ಎರಡು ತಿಂಗಳೂ ಸೇರಲಿಲ್ಲ.