ಒಂದೇ ವೈರಸ್: ಒಂದು ಇಲಿ ಸಾಯುತ್ತೆ, ಇನ್ನೊಂದು ಬದುಕುತ್ತೆ, ಯಾಕೆ?

ಪ್ರಶ್ನೆ: ಪ್ರಯೋಗಾಲಯದ ಎರಡು ತಳಿಯ ಇಲಿಗಳಿಗೆ ಒಂದೇ ವೈರಸ್ಸನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಒಂದು ತಳಿ ಸಾಯುತ್ತದೆ, ಇನ್ನೊಂದು ಆರಾಮಾಗಿರುತ್ತದೆ ಎಂದು ಓದಿದೆ. ಹಾಗಾದರೆ ಬದುಕಿದ್ದು ಗಟ್ಟಿ ತಳಿ, ಅಲ್ವಾ?

ಯಾವ ವೈರಸ್ಸಿನ ಎದುರು ಗಟ್ಟಿ ಎಂದು ಮೊದಲು ಕೇಳಬೇಕು. ಉತ್ತರವೆಲ್ಲ ಅಲ್ಲೇ ಇದೆ.

ಅಣ್ಣ-ತಂಗಿ ಇಲಿಗಳನ್ನೇ ಕನಿಷ್ಠ 20 ತಲೆಮಾರು ಕೂಡಿಸುತ್ತಾ ಹೋದರೆ ಒಂದು ಶುದ್ಧ ತಳಿ ಸಿಗುತ್ತದೆ. ಅದರ ಇಲಿಗಳೆಲ್ಲ ಹೆಚ್ಚುಕಡಿಮೆ ತದ್ರೂಪಿ ಅವಳಿಗಳ ಹಾಗೆ. ಆಹಾರ, ವಯಸ್ಸು, ವೈರಸ್ಸಿನ ಪ್ರಮಾಣ ಎಲ್ಲ ಸಮವಾಗಿದ್ದೂ ಎರಡು ತಳಿಗಳ ಗತಿ ಬೇರೆಯಾದರೆ, ಅನುಮಾನ ನೇರವಾಗಿ ಜೀನ್‌ಗಳ ಮೇಲೆ ಹೋಗುತ್ತದೆ.

1962ರಲ್ಲಿ ಲಿಂಡನ್‌ಮನ್ ಎಂಬ ಸ್ವಿಸ್ ವಿಜ್ಞಾನಿಗೆ ಹೀಗೇ ಆಯಿತು. ಬೇರೆ ಇಲಿಗಳನ್ನು ಕೊಲ್ಲುವಷ್ಟು ಫ್ಲೂ ವೈರಸ್ ಕೊಟ್ಟರೂ ಎ2ಜಿ ಎಂಬ ತಳಿ ಜಗ್ಗಲಿಲ್ಲ. ಎ2ಜಿಯನ್ನು ಸೋಲುವ ತಳಿಯ ಜೊತೆ ಕೂಡಿಸಿದಾಗ ಹುಟ್ಟಿದ ಮರಿಗಳೂ ವೈರಸ್ಸನ್ನು ತಡೆದುಕೊಂಡವು. ಆ ಮರಿಗಳನ್ನು ಮತ್ತೆ ಸೋಲುವ ತಳಿಗೆ ಕೂಡಿಸಿದರೆ, ಹುಟ್ಟಿದವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಉಳಿದವು. ಒಂದೇ ಒಂದು ಪ್ರಬಲ ಜೀನ್ (ತಂದೆ-ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವಂಥದ್ದು) ಕೆಲಸ ಮಾಡುವಾಗ ಬರುವ ಲೆಕ್ಕ ಇದು. ಆ ಜೀನ್‌ನ ಹೆಸರು ಎಂಎಕ್ಸ್1. ವೈರಸ್ ಒಳಗೆ ಬಂದಾಗ ಜೀವಕೋಶಗಳು ಇಂಟರ್ಫೆರಾನ್ ಎಂಬ ಪ್ರೋಟೀನ್ ಹೊರಡಿಸಿ ಸುದ್ದಿ ಮುಟ್ಟಿಸುತ್ತವೆ. ಆಗ ಎಂಎಕ್ಸ್1 ಎಚ್ಚರಗೊಳ್ಳುತ್ತದೆ. ಅದು ತಯಾರಿಸುವ ಪ್ರೋಟೀನ್ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಕೂತು ವೈರಸ್ ತನ್ನ ಪ್ರತಿ ಮಾಡಿಕೊಳ್ಳದಂತೆ ತಡೆಯುತ್ತದೆ. ತಮಾಷೆಯೆಂದರೆ, 1957ರಲ್ಲಿ ಐಸಾಕ್ಸ್ ಎಂಬ ವಿಜ್ಞಾನಿಯ ಜೊತೆ ಸೇರಿ ಇಂಟರ್ಫೆರಾನನ್ನು ಕಂಡುಹಿಡಿದವರೂ ಇದೇ ಲಿಂಡನ್‌ಮನ್!

ನನಗೆ ಇನ್ನೂ ವಿಚಿತ್ರ ಅನ್ನಿಸುವುದು ಬೇರೆ. ಪ್ರಯೋಗಾಲಯಗಳ ಹೆಚ್ಚಿನ ತಳಿಗಳಲ್ಲಿ ಈ ಜೀನ್ ಕೆಟ್ಟುಹೋಗಿದೆ. ಎಲ್ಲರೂ ಬಳಸುವ ಬ್ಲ್ಯಾಕ್-6 ಮತ್ತು ಬಾಲ್ಬ್-ಸಿ ತಳಿಗಳಲ್ಲಿ ಅದರ ಒಂದು ದೊಡ್ಡ ತುಂಡೇ ಇಲ್ಲ. ಕಾಡು ಇಲಿಗಳಲ್ಲಿ ಸರಿಯಾದ ಜೀನ್ ಸಿಗುತ್ತದೆ. ಅಂದರೆ ಫ್ಲೂ ಬಗ್ಗೆ ಇಲಿಗಳಿಂದ ಕಲಿತದ್ದರಲ್ಲಿ ಬಹುಪಾಲು, ಫ್ಲೂ ವಿರುದ್ಧದ ಮುಖ್ಯ ಆಯುಧವೇ ಇಲ್ಲದ ಇಲಿಗಳಿಂದ ಬಂದದ್ದು.

ಈಗ ವೈರಸ್ ಬದಲಾಯಿಸೋಣ. ಇಲಿಗಳ ಸೈಟೊಮೆಗಲೊವೈರಸ್ (ಹರ್ಪಿಸ್ ಗುಂಪಿನ ಒಂದು ವೈರಸ್) ಎದುರು ಇದೇ ಬ್ಲ್ಯಾಕ್-6 ಚೆನ್ನಾಗಿ ನಿಲ್ಲುತ್ತದೆ, ಬಾಲ್ಬ್-ಸಿ ಸೋಲುತ್ತದೆ. ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ ಎಂಬ ರಕ್ಷಣಾ ಕೋಶಗಳಿವೆ; ಬ್ಲ್ಯಾಕ್-6ರ ಈ ಕೋಶಗಳ ಮೇಲೆ ಲೈ49ಎಚ್ ಎಂಬ ಗ್ರಾಹಕ, ಅಂದರೆ ಗುರುತು ಹಿಡಿಯುವ ಪ್ರೋಟೀನ್, ಇದೆ. ಸೋಂಕು ತಗುಲಿದ ಜೀವಕೋಶದ ಮೇಲೆ ಈ ವೈರಸ್ಸಿನ ಒಂದು ಪ್ರೋಟೀನ್ ಕಾಣಿಸಿಕೊಂಡರೆ, ಗ್ರಾಹಕ ಅದನ್ನು ಗುರುತು ಹಿಡಿಯುತ್ತದೆ, ಎನ್‌ಕೆ ಕೋಶ ಆ ಜೀವಕೋಶವನ್ನು ಮುಗಿಸುತ್ತದೆ. ಬಾಲ್ಬ್-ಸಿಗೆ ಆ ಗ್ರಾಹಕವೇ ಇಲ್ಲ. ವೆಸ್ಟ್ ನೈಲ್ ವೈರಸ್ಸಿನ ಕಥೆ ಮತ್ತೊಂದು: ಅಲ್ಲಿ ಓಎಎಸ್1ಬಿ ಎಂಬ ಜೀನ್ ಕಾಪಾಡುತ್ತದೆ, ಹೆಚ್ಚಿನ ತಳಿಗಳಲ್ಲಿ ಅದೂ ಅರ್ಧಕ್ಕೆ ನಿಂತುಹೋದ ಪ್ರೋಟೀನನ್ನಷ್ಟೇ ಮಾಡುತ್ತದೆ.

ಹೀಗೆ ಒಂದೇ ಜೀನ್ ಸಿಕ್ಕಿಬೀಳುವುದು ಅದೃಷ್ಟ. ಸಾಮಾನ್ಯವಾಗಿ ಹತ್ತಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಕೈಜೋಡಿಸಿರುತ್ತವೆ. ಅದಕ್ಕೇ ಎಂಟು ಮೂಲ ತಳಿಗಳನ್ನು ಬೆರೆಸಿ 'ಕೊಲಾಬರೇಟಿವ್ ಕ್ರಾಸ್' ಎಂಬ ಇಲಿಗಳ ಬಳಗ ಕಟ್ಟಿದ್ದಾರೆ. 2014ರಲ್ಲಿ ಅವುಗಳಿಗೆ, ಇಲಿಗಳಿಗೆ ಒಗ್ಗಿಸಿದ ಎಬೋಲಾ ವೈರಸ್ ಕೊಟ್ಟು ನೋಡಿದರು. ಕೆಲವು ಚೇತರಿಸಿಕೊಂಡವು, ಕೆಲವು ರಕ್ತಸ್ರಾವವಾಗಿ ಸತ್ತವು. ಮಾಮೂಲಿ ತಳಿಗಳು ಈ ವೈರಸ್ಸಿಗೆ ಸತ್ತರೂ, ಮನುಷ್ಯರಲ್ಲಿ ಕಾಣುವಂಥ ಆ ರಕ್ತಸ್ರಾವದ ಲಕ್ಷಣ ಅವುಗಳಲ್ಲಿ ಕಂಡಿರಲಿಲ್ಲ.